ಮಕ್ಕಳ ಮಿದುಳಿನ ಗಡ್ಡೆಯೂ ರೋಗದ ಲೆಕ್ಕವೂ



ದಿನವೂ ಬೆಳಿಗ್ಗೆ ನಾವು ಹಾಜರಿ ಪುಸ್ತಕವನ್ನು ತೆರೆದು ಹೆಸರು ಕರೆಯುತ್ತೇವೆ. ಹುಡುಗಿಯು ಬಂದಿದ್ದರೂ ಅವಳ ಹೆಸರಿನ ಮುಂದೆ ಗುರುತು ಬೀಳದಿದ್ದರೆ, ಪುಸ್ತಕದ ಮಟ್ಟಿಗೆ ಅವಳು ಬರಲೇ ಇಲ್ಲ. ರೋಗಗಳಿಗೂ ಇಂಥದೇ ಒಂದು ಪುಸ್ತಕವುಂಟು. ಅದೇ ಕ್ಯಾನ್ಸರ್ ನೋಂದಣಿ. ಮಕ್ಕಳ ಮಿದುಳಿನ ಗಡ್ಡೆಗಳನ್ನು ದೃಷ್ಟಾಂತವಾಗಿಟ್ಟುಕೊಂಡು ಅದರ ಕ್ರಮವನ್ನೂ ಕುಂದುಗಳನ್ನೂ ವಿಚಾರಿಸೋಣ.

ಬೆಂಗಳೂರು ನಗರದ ನೋಂದಣಿಯು ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ನಡೆಯುತ್ತ ಬಂದಿದೆ. ನೋಂದಣಿಯವರು ಆಸ್ಪತ್ರೆಗಳನ್ನೂ ಪ್ರಯೋಗಶಾಲೆಗಳನ್ನೂ ಸುತ್ತಿ, ಮರಣದ ದಾಖಲೆಗಳನ್ನು ನೋಡಿ, ರೋಗಿಯ ಹೆಸರು, ವಯಸ್ಸು, ಊರು, ಗಡ್ಡೆಯ ಜಾತಿ ಇವುಗಳನ್ನು ಬರೆದುಕೊಳ್ಳುತ್ತಾರೆ. ಒಬ್ಬಳೇ ಹುಡುಗಿಯು ಒಂದು ಕಡೆ ಲಕ್ಷ್ಮಿಯೆಂದೂ ಇನ್ನೊಂದು ಕಡೆ ಮಹಾಲಕ್ಷ್ಮಿಯೆಂದೂ ಬರೆಯಲ್ಪಟ್ಟಿದ್ದರೆ, ಒಬ್ಬಳು ಇಬ್ಬರಾಗದಂತೆ ನೋಡಿಕೊಳ್ಳಬೇಕು.

ಊರಿನ ಹೆಸರಂತೂ ಬಹು ಮುಖ್ಯ. ರೋಗದ ಪ್ರಮಾಣವೆಂದರೆ ಒಂದು ಭಾಗಾಕಾರ: ಮೇಲೆ ರೋಗಿಗಳ ಸಂಖ್ಯೆ, ಕೆಳಗೆ ಆ ಊರಿನ ಜನಸಂಖ್ಯೆ. ನಮ್ಮ ಕರಿಘಟ್ಟದ ಹುಡುಗಿಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದರೂ ಅವಳು ಬೆಂಗಳೂರಿನ ಲೆಕ್ಕಕ್ಕೆ ಸೇರತಕ್ಕವಳಲ್ಲ. ತಂದೆಯು ಅನುಕೂಲಕ್ಕೆಂದು ಅಲ್ಲಿಯ ನೆಂಟರ ವಿಳಾಸವನ್ನು ಕೊಟ್ಟರೆ ಆ ನಗರದ ರೋಗವು ಹೆಚ್ಚಿದಂತೆಯೂ, ಲೋಕಪಾವನಿಯ ದಡದ ಮಗುವು ಇಲ್ಲವೇ ಇಲ್ಲವೆಂಬಂತೆಯೂ ಆಗುವದು.

ಅಮೇರಿಕಾ ದೇಶದಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಐದಕ್ಕಿಂತ ಹೆಚ್ಚು ಮಂದಿಗೆ ಇಂಥ ಗಡ್ಡೆಗಳು ಕಾಣುತ್ತವೆ. ನಮ್ಮ ದೇಶದ ದಾಖಲೆಗಳಲ್ಲಿ ಇದು ಬಹಳ ಕಡಿಮೆ. ಹಾಗಾದರೆ ನಮ್ಮ ಮಕ್ಕಳು ಹೆಚ್ಚು ಸುರಕ್ಷಿತರೋ? ಆತುರದಿಂದ ಹಾಗೆನ್ನಕೂಡದು. ಅಲ್ಲಿ 2004ರಿಂದ ಕ್ಯಾನ್ಸರಲ್ಲದ ಸೌಮ್ಯ ಗಡ್ಡೆಗಳನ್ನೂ ದೇಶವ್ಯಾಪಿಯಾಗಿ ಎಣಿಸುತ್ತಾರೆ. ಇದಲ್ಲದೆ ಸ್ಕ್ಯಾನ್ ಇಲ್ಲದೆ ಈ ರೋಗವು ತಿಳಿಯದು. ಸ್ಕ್ಯಾನ್ ಆಗದೆ ತೀರಿಕೊಂಡ ಮಗುವಿನ ಮರಣವು ಜ್ವರವೆಂದೋ ಮೂರ್ಛೆಯೆಂದೋ ಬರೆಯಲ್ಪಡಬಹುದು.

ಇನ್ನೊಂದು ಮಾತು ನಮ್ಮ ಮನಸ್ಸನ್ನು ಕಲಕುವಂಥದು. ಬಾಲ್ಯದ ಕ್ಯಾನ್ಸರು ಎಲ್ಲೆಡೆಯೂ ಗಂಡುಮಕ್ಕಳಲ್ಲಿ ತುಸು ಹೆಚ್ಚು. ಆದರೆ ನಮ್ಮ ದೇಶದ ದಾಖಲೆಗಳಲ್ಲಿ ಈ ಅಂತರವು ಪಾಶ್ಚಾತ್ಯ ದೇಶಗಳಿಗಿಂತ ದೊಡ್ಡದಾಗಿದೆ. ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯುವದೇ ಕಡಿಮೆಯೆಂದು ಬಲ್ಲವರು ಶಂಕಿಸುತ್ತಾರೆ. ರೋಗವು ಅವಳನ್ನು ಬಿಟ್ಟಿಲ್ಲ. ಮನೆಯು ಬಿಟ್ಟಿತು, ಪುಸ್ತಕವೂ ಬಿಟ್ಟಿತು.

ಆದಕಾರಣ ಈ ಚಿಹ್ನೆಗಳನ್ನು ಅರಿತಿರಿ: ಬೆಳಿಗ್ಗೆ ಎದ್ದೊಡನೆ ಮೇಲಿಂದ ಮೇಲೆ ತಲೆನೋವು ಮತ್ತು ವಾಂತಿ, ನಡೆಯುವಾಗ ಜೋಲಿ, ಹೊಸದಾಗಿ ಮೆಳ್ಳೆಗಣ್ಣು, ಮಂದವಾಗುವ ದೃಷ್ಟಿ. ಎಲ್ಲ ತಲೆನೋವೂ ಗಡ್ಡೆಯಲ್ಲ. ಆದರೂ ಇವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ತಲೆನೋವೆಂದವಳನ್ನು ಪಾಠ ತಪ್ಪಿಸುವ ನೆಪವೆಂದು ನಾವೂ ಗದರಿದ್ದುಂಟು. ಅದಕ್ಕಾಗಿ ಈಗ ವ್ಯಥೆಪಡುತ್ತೇವೆ.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿದ ಕುರುಬನ ಸಾಮ್ಯವನ್ನು ನೀವು ಬಲ್ಲಿರಿ. ಅವನು ಎಣಿಸಿದ್ದರಿಂದಲೇ ಒಂದು ಕಾಣೆಯಾದದ್ದು ಅವನಿಗೆ ತಿಳಿಯಿತು. ನೀವು ನಾಳೆ ದಾದಿಯರಾಗಲಿ, ಗುಮಾಸ್ತೆಯರಾಗಲಿ, ತಾಯಂದಿರಾಗಲಿ, ಮಗುವಿನ ಹೆಸರನ್ನೂ ಊರನ್ನೂ ಸರಿಯಾಗಿ ಬರೆಯಿಸಿರಿ.