ದಮ್ಮು ಇಳಿಯುತ್ತಿಲ್ಲವೇ? ಕಫ ಕೊಡಿ, ಎಂಜಲಲ್ಲ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ದಮ್ಮು ಹತ್ತಿದವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ‘ಹೊಗೆಸೊಪ್ಪಿನ ಬ್ಯಾರನ್ ಹೊಗೆ ಕುಡಿದದ್ದು’. ಕೆ.ಆರ್. ನಗರದ ಗದ್ದೆ ಬಯಲಿನಲ್ಲಾದರೆ ಭತ್ತದ ದೂಳು, ಇಲ್ಲವೇ ಬೀಡಿ. ಹೊಗೆ, ದೂಳು, ಬೀಡಿಯಿಂದ ಶ್ವಾಸಕೋಶ ಕೆಡುವುದು ನಿಜವೇ. ಆದರೆ ಏದುಸಿರಿನ ಜೊತೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಸಡಿಲವಾಗುತ್ತಿರುವ ಬಟ್ಟೆ ಇದ್ದರೆ ಅದು ಕ್ಷಯ ಇರಬಹುದು. ಹೊಗೆಸೊಪ್ಪು ಬೇಯಿಸಿ ಆಗಲಿ, ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜು ಮುಗಿಯಲಿ, ಆಮೇಲೆ ತೋರಿಸೋಣ ಎನ್ನುವವರು ಅಷ್ಟರಲ್ಲಿ ಮನೆಮಂದಿಗೂ ರೋಗ ಹಂಚಿರುತ್ತಾರೆ.

ಕ್ಷಯದ ರೋಗಾಣು ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಿಗೂ ಬಗ್ಗದಿದ್ದರೆ ಅದು ಎಂಡಿಆರ್ ಟಿಬಿ. ಮಾತ್ರೆ ಅರ್ಧಕ್ಕೆ ಬಿಟ್ಟವರಿಗೆ ಮಾತ್ರ ಇದು ಬರುತ್ತದೆ ಎಂಬುದು ತಪ್ಪು. ಎಂಡಿಆರ್ ಇರುವ ರೋಗಿಯ ಕೆಮ್ಮಿನಿಂದ ಮೊದಲ ಬಾರಿಗೇ ತಗಲಬಹುದು. ಕ್ಷಯದಿಂದ ಶ್ವಾಸಕೋಶದ ಭಾಗ ಹಾಳಾದಾಗ ಅಥವಾ ಅದರ ಪೊರೆಯಲ್ಲಿ ನೀರು ತುಂಬಿದಾಗ ಉಸಿರು ಸಾಲದಾಗುತ್ತದೆ.

ಮೊದಲ ಕೆಲಸ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗುವುದನ್ನು ನಿಲ್ಲಿಸಿ. ಲಿವೋಫ್ಲಾಕ್ಸಾಸಿನ್ ಜಾತಿಯ ಮಾತ್ರೆ ಕ್ಷಯವನ್ನು ಒಂದಷ್ಟು ದಿನ ಅದುಮಿಟ್ಟು ಗುಣವಾದಂತೆ ತೋರಿಸುತ್ತದೆ, ಪರೀಕ್ಷೆಯಲ್ಲೂ ರೋಗ ಸಿಗದಂತೆ ಮಾಡಬಹುದು. ಎಂಡಿಆರ್ ಚಿಕಿತ್ಸೆಗೆ ಬೇಕಾಗುವುದೂ ಇದೇ ಗುಂಪಿನ ಔಷಧ. ಅದನ್ನು ಕೆಮ್ಮಿಗೆಂದು ಖರ್ಚು ಮಾಡಿಕೊಂಡರೆ ಮುಂದೆ ಕೈಯಲ್ಲಿ ಉಳಿಯುವ ಔಷಧ ಕಡಿಮೆ.

ಎರಡನೆಯದು ಕಫದ ಮಾದರಿ. ಬಹಳ ಮಂದಿ ತಪ್ಪುವುದು ಇಲ್ಲೇ. ಆರೋಗ್ಯ ಕೇಂದ್ರದಲ್ಲಿ ಡಬ್ಬಿ ಕೊಟ್ಟ ತಕ್ಷಣ ಎಂಜಲು ಉಗುಳಿ ಕೊಟ್ಟು ಬಸ್ಸಿಗೆ ಓಡುತ್ತಾರೆ. ‘ಟಿಬಿ ಇಲ್ಲ’ ಎಂಬ ವರದಿ ಬರುತ್ತದೆ, ಮನೆಯವರು ನೆಮ್ಮದಿಯಾಗುತ್ತಾರೆ, ರೋಗ ಎದೆಯಲ್ಲೇ ಇರುತ್ತದೆ. ಹೀಗೆ ಮಾಡಿ: ಒಂದು ಮಾದರಿ ಅಲ್ಲೇ ಕೊಡಿ, ಇನ್ನೊಂದು ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ. ಏನೂ ತಿನ್ನುವ ಮೊದಲು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಮಕ್ಕಳಿಂದ ದೂರ, ಹಿತ್ತಿಲಿನಂಥ ಬಯಲಿಗೆ ಹೋಗಿ. ಬಚ್ಚಲಲ್ಲಿ, ಅಡುಗೆಮನೆಯಲ್ಲಿ ಬೇಡ. ಎರಡು ಮೂರು ಸಲ ಉಸಿರನ್ನು ಆಳವಾಗಿ ಎಳೆದು, ತುಸು ಹಿಡಿದು, ಎದೆಯ ತಳದಿಂದ ಕೆಮ್ಮಿ. ಬಂದದ್ದನ್ನು ಡಬ್ಬಿಗೆ ಉಗುಳಿ. ಬೆಳಕಿಗೆ ಹಿಡಿದು ನೋಡಿ: ನೊರೆಯಾಗಿ ನೀರಿನಂತಿದ್ದರೆ ಎಂಜಲು, ಮಂದವಾಗಿ ಅಂಟಂಟಾಗಿದ್ದರೆ ಕಫ. ಅರ್ಧದಿಂದ ಒಂದು ಟೀ ಚಮಚದಷ್ಟು ಬೇಕು. ಮುಚ್ಚಳ ಬಿಗಿಮಾಡಿ, ಬಿಸಿಲು ತಾಗಿಸದೆ ಅಂದೇ ತಲುಪಿಸಿ. ಕಫವೇ ಬರದಿದ್ದರೆ ಹಾಗೆಂದು ಹೇಳಿ. ಉಪ್ಪುನೀರಿನ ನೆಬುಲೈಸರ್ ಕೊಟ್ಟು ಕಫ ಬರಿಸುವ ಕ್ರಮವಿದೆ. ಎಂಜಲು ಕೊಟ್ಟು ಬಂದ ‘ನೆಗೆಟಿವ್’ ವರದಿಯನ್ನು ನಾನಂತೂ ವರದಿ ಎಂದು ಒಪ್ಪುವುದಿಲ್ಲ.

ಮೂರನೆಯದಾಗಿ, ಯಾವ ಪರೀಕ್ಷೆ ಎಂದು ಕೇಳಿ. ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಾಣಬಹುದು, ಅದು ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ತಿಳಿಯದು. ಅದಕ್ಕೆ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಎಂಬ ಯಂತ್ರದ ಪರೀಕ್ಷೆ ಆಗಬೇಕು. ಟ್ರೂನ್ಯಾಟ್ ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆ ರೂಪಿಸಿದ್ದು. ಯಂತ್ರಕ್ಕೆ ಹಾಕಿದ ಮೇಲೆ ಎರಡು ಗಂಟೆಯ ಆಸುಪಾಸಿನಲ್ಲಿ ಉತ್ತರ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೊಡಬೇಕಿಲ್ಲ. ವರದಿ ಕೈಗೆ ಬಂದಾಗ ‘ರಿಫಾಂಪಿಸಿನ್’ ಎಂದಿರುವ ಸಾಲನ್ನು ಓದಿಸಿಕೊಳ್ಳಿ. ಅಲ್ಲಿ ರೆಸಿಸ್ಟೆನ್ಸ್ ಇದೆ ಎಂದಿದ್ದರೆ ಮಾಮೂಲಿ ಟಿಬಿ ಮಾತ್ರೆ ಸಾಲದು. ಎಕ್ಸ್‌ರೇ ನೋಡಿಯೇ ಮಾತ್ರೆ ಶುರು ಮಾಡುವವರಿಗೂ ‘ಕಫದ ಪರೀಕ್ಷೆ ಆಗಲಿ ಡಾಕ್ಟ್ರೇ’ ಎಂದು ಕೇಳುವ ಹಕ್ಕು ನಿಮಗಿದೆ.

ರೆಸಿಸ್ಟೆನ್ಸ್ ಬಂದವರು ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು, ಅವರು ಹೇಳಿದ ಕೇಂದ್ರಕ್ಕೆ ತಡಮಾಡದೆ ಹೋಗಿ. ನಮ್ಮ ಜಿಲ್ಲೆಯವರಿಗೆ ಹಳಬರ ಕಾಲದಿಂದ ಗೊತ್ತಿರುವುದು ಮೈಸೂರಿನ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಿಟೋರಿಯಂ; ಕ್ಷಯದಿಂದಲೇ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಅಲ್ಲಿಗೆ ಹೋದವರು ವಾಪಸ್ ಬರುವುದಿಲ್ಲ ಎಂಬ ಹಳೆಯ ಹೆದರಿಕೆ ಬಿಡಿ. ಎಂಡಿಆರ್‌ಗೆ ಆರು ತಿಂಗಳಲ್ಲಿ ಮುಗಿಯುವ, ಬರೀ ಮಾತ್ರೆಗಳ ಹೊಸ ಚಿಕಿತ್ಸೆಗೆ ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಎಲ್ಲರಿಗೂ ಅದು ಹೊಂದುವುದಿಲ್ಲ, ವೈದ್ಯರು ನೋಡಿ ಹೇಳುತ್ತಾರೆ.

ಉಳಿದದ್ದು ಚುಟುಕಾಗಿ. ಚಿಕಿತ್ಸೆಯ ನಡುವೆ ಪಾದ ಜೋಮು ಹಿಡಿದರೆ, ಕಣ್ಣು ಮಂಜಾದರೆ ಮಾತ್ರೆ ನೀವೇ ನಿಲ್ಲಿಸಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ಎಚ್.ಡಿ. ಕೋಟೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವವರು ಮೊದಲೇ ಆಶಾ ಕಾರ್ಯಕರ್ತೆಗೆ ಹೇಳಿದರೆ ಮಾತ್ರೆ ಅಲ್ಲೇ ಸಿಗುವಂತೆ ವರ್ಗ ಮಾಡಿಸಬಹುದು. ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ. ಕ್ಷಯ ರೋಗಿಯ ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ. ಬ್ಯಾಂಕ್ ಪಾಸ್‌ಬುಕ್ ಕೊಟ್ಟು ಬರೆಸಿ. ಸಹಾಯವಾಣಿ 1800-11-6666. ಒಂದು ವಾಕ್ಯ ಮಾತಾಡಲೂ ಉಸಿರು ಸಾಲದಿದ್ದರೆ, ತುಟಿ ನೀಲಿಗಟ್ಟಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ ಎಂದು ಕಾಯಬೇಡಿ.