ಹಳೇ ಡಾಂಬರಿನ ಲೆಕ್ಕ

ಕೆಮ್ಮಣ್ಣುಗುಂಡಿ ರಸ್ತೆ ಕೆರೆದು, ಬಂದ ಹಳೇ ಮಾಲನ್ನೇ ಹೊಸ ಜಲ್ಲಿಗೆ ಬೆರೆಸಿ ಹಾಸ್ತೀನಿ ಅಂತೀಯ. ಒಳ್ಳೇದೇ ಮಾರಾಯ, ಅಷ್ಟು ಗುಡ್ಡ ಉಳಿದ ಹಾಗೆ. ಆದರೆ ನಿನ್ನ ಲೆಕ್ಕ ನೋಡಿ ನಗು ಬಂತು.

ನೂರು ಕೆಜಿಗೆ 30 ಕೆಜಿ ಹಳೇದು. ಅದರಲ್ಲಿ ಡಾಂಬರು ಶೇ. 4, ಅಂದರೆ 1.2 ಕೆಜಿ. ಬೇಕಿರೋದು 5, ಹೊಸದು 3.8 ಸಾಕು ಅಂತ ಬರೆದುಬಿಟ್ಟಿದ್ದೀಯ. ಆ 1.2 ಕೆಜಿ ಪೂರ್ತಿ ಕೈಗೆ ಸಿಗುತ್ತೆ ಅಂದವರ್ಯಾರು? ವರ್ಷಗಟ್ಟಲೆ ಬಿಸಿಲು, ಗಾಳಿ ತಿಂದು ಎಣ್ಣೆಯಂಶ ಬತ್ತಿರುತ್ತೆ. ಡಬ್ಬಿ ತಳದ ಹಳೇ ಬೆಲ್ಲ ಇದ್ದ ಹಾಗೆ, ಮೇಲಿನದು ಕರಗುತ್ತೆ, ಒಳಗಿನದು ಕಚ್ಚಿಕೊಂಡೇ ಇರುತ್ತೆ. ಅರ್ಧವೇ ಬಿಟ್ಟುಕೊಟ್ಟರೆ 0.6 ಕೆಜಿ ಖೋತಾ, ಜಲ್ಲಿ ಕಿತ್ತು ಬರುತ್ತೆ. ಹಾಗಂತ ಹಳೇದನ್ನ ಬರೀ ಕರೀ ಕಲ್ಲು ಅಂತ ಸೊನ್ನೆ ಹಾಕಿದೆಯೋ, ಬೇಸಿಗೇಲಿ ಡಾಂಬರು ಮೇಲೆ ಉಕ್ಕುತ್ತೆ. ಎಷ್ಟು ಬೆರೀತು ಅನ್ನೋದನ್ನ ಲ್ಯಾಬಿನಲ್ಲಿ ಕಂಡುಕೋ, ಕೂತಲ್ಲೇ ಊಹಿಸಬೇಡ.

ಹಳೇದನ್ನ ನೇರ ಬೆಂಕಿಗೆ ಒಡ್ಡಬೇಡ, ಉಳಿದ ಜೀವವೂ ಹೊಗೆಯಾಗುತ್ತೆ. ಹೊಸ ಜಲ್ಲೀನ ಮಾಮೂಲಿಗಿಂತ ಜಾಸ್ತಿ ಕಾಯಿಸು, ಅದರ ಬಿಸಿಗೆ ಹಳೇದು ಮೆತ್ತಗಾಗಲಿ. ಹಳೇದು ಹೆಚ್ಚಿದ್ದರೆ ವಿಜಿ-30 ಡಾಂಬರು ಬಿಟ್ಟು ಮೆದು ಜಾತಿಯ ವಿಜಿ-10 ನೋಡು. ಮಿಕ್ಸರ್ ಇನ್ನೂ ಸ್ವಲ್ಪ ಹೊತ್ತು ತಿರುಗಲಿ. ನಿನಗೋ ಎರಡು ಸುತ್ತಿಗೇ ಬಾಗಿಲು ತೆಗೆಯೋ ಆತುರ! ಹಳೇ ಮಾಲಿನ ರಾಶಿಗೆ ಒಂದು ಸೂರು ಹಾಕಿಸು. ನೆಂದಿದ್ದರೆ ಅರ್ಧ ಶಾಖ ನೀರು ಆರಿಸೋದಕ್ಕೇ ಹೋಗುತ್ತೆ.

ಇಲ್ಲಿನ ಕೆಂಪು ಮಣ್ಣು ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದಿರು ಕೊಟ್ಟ ಗುಡ್ಡದ್ದು. ಕೈ ಮುಗಿ, ಆದರೆ ಜಲ್ಲಿಗೆ ಸೋಕಿಸಬೇಡ. ಕೆಂಪು ಧೂಳು ಮೆತ್ತಿದ ಜಲ್ಲಿಗೆ ಡಾಂಬರು ಹಾಕಿದರೆ ಅದು ಧೂಳಿಗೆ ಅಂಟುತ್ತೆ, ಕಲ್ಲಿಗಲ್ಲ. ಬಿಳಿ ಗ್ರಾನೈಟಿಗಂತೂ ಡಾಂಬರಿಗಿಂತ ನೀರಿನ ಮೇಲೇ ಪ್ರೀತಿ. ಮಲೆನಾಡಿನ ಮಳೆ ಕಲ್ಲಿನಿಂದ ಡಾಂಬರನ್ನ ಬೇಗ ಬಿಡಿಸುತ್ತೆ. ಡಾಂಬರು ಸವರಿದ ಜಲ್ಲೀನ 40 ಡಿಗ್ರಿ ನೀರಲ್ಲಿ 24 ಗಂಟೆ ಇಟ್ಟು ನೋಡು. ಶೇ. 95ರಷ್ಟು ಮೈ ಕಪ್ಪಗೇ ಇರಬೇಕು. ಇಲ್ಲವೋ, ಅರಳಿಸಿದ ಸುಣ್ಣದ ಪುಡಿ ಸೇರಿಸಿ ಮತ್ತೆ ಪರೀಕ್ಷೆ ಮಾಡು.

ಲಾರಿ ಘಾಟಿ ಹತ್ತಿ 1434 ಮೀಟರ್ ಎತ್ತರಕ್ಕೆ ಬರೋಷ್ಟರಲ್ಲಿ ಮಾಲು ಆರುತ್ತೆ. ಟಾರ್ಪಾಲು ಹೊದಿಸಿರು. ಹಾಸೋ ಮುಂಚೆ ಥರ್ಮಾಮೀಟರ್ ಚುಚ್ಚು. ವಿಜಿ-30 ಆದರೆ 140 ಡಿಗ್ರಿ, ವಿಜಿ-10 ಆದರೆ 130. ಅದಕ್ಕಿಂತ ಕೆಳಗಿದ್ದರೆ ವಾಪಸ್ ಕಳಿಸು. ಡ್ರೈವರ್ ಬೈದರೆ ಬೈಸಿಕೋ.