ನಾಕೌಟ್ ಹಂತದಲ್ಲಿ ಬದಲಾಗುವ ನಿಯಮ: ಪೋಷಕರಿಗೆ ಕಾನೂನಿನಲ್ಲಿರುವ ದಾರಿ

ಮಕ್ಕಳ ಲೀಗ್ ಪಂದ್ಯಾವಳಿಯಲ್ಲಿ ಲೀಗ್ ಹಂತಕ್ಕೊಂದು, ನಾಕೌಟ್ ಹಂತಕ್ಕೊಂದು ನಿಯಮ ಇರಬಹುದು. ಕಾನೂನು ಅದನ್ನು ತಡೆಯುವುದಿಲ್ಲ. 2019ರ ಪುರುಷರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಲೀಗ್ ಪಂದ್ಯಗಳಿಗೆ ಮೀಸಲು ದಿನ ಇರಲಿಲ್ಲ, ಸೆಮಿಫೈನಲ್‌ಗೂ ಫೈನಲ್‌ಗೂ ಇತ್ತು. ಅದೇ ಫೈನಲ್ ಸೂಪರ್ ಓವರ್‌ನಲ್ಲೂ ಸಮನಾಗಿ, ಬೌಂಡರಿ ಲೆಕ್ಕದಲ್ಲಿ ಇಂಗ್ಲೆಂಡ್ ಗೆದ್ದಾಗ ಸಿಟ್ಟಾದವರು ಬಹಳ ಮಂದಿ. ಆದರೂ ಫಲಿತಾಂಶ ನಿಂತಿತು, ಏಕೆಂದರೆ ಆ ನಿಯಮ ಮೊದಲ ಪಂದ್ಯಕ್ಕೂ ಮುಂಚೆಯೇ ಬರೆದಿಟ್ಟದ್ದು. ಐಸಿಸಿ ಅದನ್ನು ತಿದ್ದಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ, ಮುಂದಿನ ಪಂದ್ಯಾವಳಿಗಳಿಗೆ. ತಕರಾರು ಹುಟ್ಟುವುದು ಲೀಗ್ ಹಂತ ಮುಗಿದು, ಯಾವ ಯಾವ ತಂಡ ಒಳಗೆ ಬಂದಿದೆ ಎಂದು ಗೊತ್ತಾದ ಮೇಲೆ ನಿಯಮಕ್ಕೆ ಕೈ ಹಾಕಿದಾಗ.

ಟಿ. ದಾಸರಹಳ್ಳಿ, ಬಾಗಲಗುಂಟೆ, ಮಲ್ಲಸಂದ್ರದಂಥ ಕಡೆ ಬೇಸಿಗೆ ರಜೆಯಲ್ಲಿ ನಡೆಯುವ ಟೆನಿಸ್ ಬಾಲ್ ಕ್ರಿಕೆಟ್ಟಿಗೂ ಕಬಡ್ಡಿಗೂ ಶಾಲಾ ಕ್ರೀಡಾಕೂಟದ ಸಾಫ್ಟ್‌ಬಾಲಿಗೂ ಈ ಮಾತು ಒಂದೇ. ಹೆಸರು ಬರೆಸಿಕೊಳ್ಳುವಾಗ ‘ಪ್ರತಿ ಮಗುವಿಗೂ ಆಡುವ ಅವಕಾಶ’ ಎನ್ನುತ್ತಾರೆ. ಎಲ್ಲರೂ ಬ್ಯಾಟ್ ಹಿಡಿಯಬೇಕು, ಒಬ್ಬರಿಗೆ ಇಷ್ಟೇ ಓವರ್ ಎಂದು ನಿಯಮವಿರುತ್ತದೆ. ಸೆಮಿಫೈನಲ್ ಹತ್ತಿರ ಬಂದ ಕೂಡಲೇ ಆ ನಿಯಮ ಕಾಣೆಯಾಗಿ, ಚೆನ್ನಾಗಿ ಆಡುವವರಷ್ಟೇ ಇಳಿಯುತ್ತಾರೆ. ಇಲ್ಲವೇ ಹೊರಗಿನ ಹುಡುಗನೊಬ್ಬ ತಂಡಕ್ಕೆ ಸೇರುತ್ತಾನೆ, ವಯಸ್ಸಿನ ಮಿತಿ ಸಡಿಲವಾಗುತ್ತದೆ. ಬೆಂಚಿನ ಮೇಲೆ ಕೂತ ಮಗುವಿನ ಮನೆಯವರೂ ಪ್ರವೇಶ ಶುಲ್ಕವನ್ನು ಪೂರ್ತಿಯೇ ಕಟ್ಟಿರುತ್ತಾರೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ತಂದೆ ತಾಯಿಗೆ ಆ ಹಣ ಸುಮ್ಮನೆ ಬಂದದ್ದಲ್ಲ.

ಶುಲ್ಕ ಪಡೆದು, ನಿಯಮ ಹೇಳಿ, ತಂಡವನ್ನು ಸೇರಿಸಿಕೊಂಡರೆ ಅದು ಒಪ್ಪಂದ. 18 ತುಂಬದ ಮಗು ಒಪ್ಪಂದ ಮಾಡಿಕೊಳ್ಳುವಂತಿಲ್ಲ ಎನ್ನುತ್ತದೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 11ನೇ ಕಲಂ. ಹಾಗಾಗಿ ಸಹಿ ಪೋಷಕರದ್ದೇ ಇರಬೇಕು, ರಸೀದಿಯೂ ಅವರ ಹೆಸರಿನಲ್ಲೇ ಆಗಬೇಕು. ಕೋಚ್ ಅಥವಾ ಮಧ್ಯೆ ನಿಂತ ಏಜೆಂಟ್ ಎಲ್ಲರ ಹಣ ಒಟ್ಟುಗೂಡಿಸಿ ತನ್ನ ಹೆಸರಿನಲ್ಲಿ ಕಟ್ಟಿದರೆ, ಮುಂದೆ ಹಣ ಕಟ್ಟಿದ್ದು ತಾವೇ ಎಂದು ತೋರಿಸಲು ಪೋಷಕರೇ ಪರದಾಡಬೇಕಾಗುತ್ತದೆ. ಇಂಥ ಏಜೆಂಟರು ಶುಲ್ಕ ಎಣಿಸಿಕೊಳ್ಳುವಾಗ ತೋರುವ ಚುರುಕನ್ನು ನಿಯಮ ಪತ್ರ ಕೊಡುವಾಗ ತೋರುವುದಿಲ್ಲ.

ಒಪ್ಪಂದವನ್ನು ಬದಲಿಸಲು ಅದಕ್ಕೆ ಸೇರಿದವರ ಒಪ್ಪಿಗೆ ಬೇಕು ಎಂಬುದು ಅದೇ ಕಾಯ್ದೆಯ 62ನೇ ಕಲಮಿನ ತಿರುಳು. 2023ರ ಏಷ್ಯಾ ಕಪ್‌ನಲ್ಲಿ ಪಂದ್ಯಾವಳಿ ನಡೆಯುತ್ತಿರುವಾಗಲೇ ಭಾರತ–ಪಾಕಿಸ್ತಾನ ಸೂಪರ್ ಫೋರ್ ಪಂದ್ಯಕ್ಕೆ ಮಾತ್ರ ಮೀಸಲು ದಿನ ಸೇರಿಸಲಾಯಿತು. ಶ್ರೀಲಂಕಾ ಮತ್ತು ಬಾಂಗ್ಲಾದೇಶದ ಕೋಚ್‌ಗಳು ಅಚ್ಚರಿ ತೋಡಿಕೊಂಡರು. ಕೂಡಲೇ ಆ ಎರಡೂ ದೇಶಗಳ ಮಂಡಳಿಗಳು, ನಾಲ್ಕೂ ತಂಡಗಳ ಮಂಡಳಿಗಳೊಂದಿಗೆ ಸಮಾಲೋಚಿಸಿಯೇ ಇದನ್ನು ಮಾಡಲಾಗಿದೆ ಎಂದು ಹೇಳಿಕೆ ಕೊಟ್ಟವು. ಅಷ್ಟು ದೊಡ್ಡ ಪಂದ್ಯಾವಳಿಯಲ್ಲೂ ನಡುವೆ ತಂದ ಬದಲಾವಣೆಗೆ ಎಲ್ಲರನ್ನೂ ಕೇಳಲಾಗಿದೆ ಎಂದು ತೋರಿಸಿಕೊಳ್ಳಬೇಕಾಯಿತು.

ಆದರೆ ನಿಯಮ ಪತ್ರದಲ್ಲಿ ‘ಅಗತ್ಯವಿದ್ದರೆ ಸಂಘಟಕರು ನಿಯಮ ಬದಲಿಸಬಹುದು’ ಎಂಬ ಸಾಲಿದ್ದು, ಪೋಷಕರು ಅದಕ್ಕೆ ಸಹಿ ಹಾಕಿದ್ದರೆ ವಾದ ಬಲ ಕಳೆದುಕೊಳ್ಳುತ್ತದೆ. ಮಳೆ ಬಂದು ಓವರ್ ಕಡಿತ ಮಾಡುವುದು ಅಂಥ ಸಾಲಿನೊಳಗೆ ಬರುತ್ತದೆ. ಒಂದು ತಂಡಕ್ಕೆ ಅನುಕೂಲವಾಗಲೆಂದು ವಯಸ್ಸಿನ ಮಿತಿ ಎತ್ತುವುದನ್ನು ಅದರೊಳಗೆ ತರುವುದು ಕಷ್ಟ. ‘ಸಂಘಟಕರ ತೀರ್ಮಾನವೇ ಅಂತಿಮ’ ಎಂಬ ಸಾಲಿಗೆ ಮಾತ್ರ ಹೆದರಬೇಕಿಲ್ಲ. ಕಾನೂನಿನ ಮೊರೆ ಹೋಗದಂತೆ ಪೂರ್ತಿಯಾಗಿ ಕಟ್ಟಿಹಾಕುವ ಕರಾರು 28ನೇ ಕಲಮಿನಂತೆ ಅನೂರ್ಜಿತ. ಹಾಗೆಂದು ಅಂಪೈರ್ ಕೊಟ್ಟ ಎಲ್‌ಬಿಡಬ್ಲ್ಯುವನ್ನು ಯಾವ ನ್ಯಾಯಾಲಯವೂ ಮತ್ತೆ ತೂಗಿ ನೋಡುವುದಿಲ್ಲ. ಪ್ರಶ್ನೆ ನಿಯಮದ್ದಾಗಿರಬೇಕು, ತೀರ್ಪಿನದ್ದಲ್ಲ.

ಪೋಷಕರು ಹೆಚ್ಚಾಗಿ ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೈದಾನದಲ್ಲಿ ಬದಲಾದ ನಿಯಮವನ್ನು ಬಾಯಲ್ಲಿ ಹೇಳುತ್ತಾರೆ, ಕೋಚ್ ಗೊಣಗುತ್ತಾರೆ, ಮಕ್ಕಳು ಆಗಲೇ ಪ್ಯಾಡ್ ಕಟ್ಟಿರುತ್ತಾರೆ, ಆಟ ನಡೆದುಬಿಡುತ್ತದೆ. ತಂಡ ಸೋತ ಮೇಲೆ ದೂರು ಬರೆಯುತ್ತಾರೆ. ಆಗ ಕೇಳುವ ಮೊದಲ ಪ್ರಶ್ನೆ: ಗೆದ್ದಿದ್ದರೆ ದೂರು ಕೊಡುತ್ತಿದ್ದಿರಾ? ಮದನ್ ಲಾಲ್ ಪ್ರಕರಣದಲ್ಲಿ (1995) ಸುಪ್ರೀಂ ಕೋರ್ಟ್ ಹೇಳಿದ್ದು ಉದ್ಯೋಗ ನೇಮಕಾತಿಯ ವಿಷಯದಲ್ಲಿ. ತಕರಾರಿಲ್ಲದೆ ಸಂದರ್ಶನಕ್ಕೆ ಕೂತು, ಫಲ ಸಿಗಲಿಲ್ಲವೆಂದು ಆಮೇಲೆ ಆ ಕ್ರಮವನ್ನೇ ಪ್ರಶ್ನಿಸುವಂತಿಲ್ಲ ಎಂಬ ಆ ತರ್ಕವನ್ನು ಎದುರು ಪಕ್ಷದವರು ಇಲ್ಲಿಗೂ ತಂದು ನಿಲ್ಲಿಸುತ್ತಾರೆ. ನಡೆದದ್ದೇ ಕಾನೂನುಬಾಹಿರವಾಗಿದ್ದರೆ ಭಾಗವಹಿಸಿದವರೂ ಪ್ರಶ್ನಿಸಬಹುದು ಎಂದು ಮೀತಾ ಸಹಾಯ್ ಪ್ರಕರಣದಲ್ಲಿ (2019) ಅದೇ ನ್ಯಾಯಾಲಯ ಒಪ್ಪಿದೆ. ಆದರೆ ಆ ವಿನಾಯಿತಿಯನ್ನು ನೆಚ್ಚಿ ಮೌನವಾಗಿ ಆಡುವುದು ಅಪಾಯ. ಆಟದ ನಿಯಮಗಳೂ ಇದನ್ನೇ ಕೇಳುತ್ತವೆ: ಸಾಫ್ಟ್‌ಬಾಲಿನಲ್ಲಿ ನಿಯಮವನ್ನು ತಪ್ಪಾಗಿ ಅನ್ವಯಿಸಿದರೆ ಸಾಮಾನ್ಯವಾಗಿ ಮುಂದಿನ ಪಿಚ್‌ಗೆ ಮೊದಲೇ ಪ್ರತಿಭಟನೆ ದಾಖಲಿಸಬೇಕು.

ಆದ್ದರಿಂದ ಆಟಕ್ಕೆ ಮೊದಲೇ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಬೇಕು. ಮಕ್ಕಳನ್ನು ಆಟದಿಂದ ಹಿಂದೆ ಸರಿಸುವ ಅಗತ್ಯವಿಲ್ಲ. ‘ಲೀಗ್ ಆರಂಭಕ್ಕೆ ಮುನ್ನ ಕೊಟ್ಟ ನಿಯಮ ಪತ್ರದ ಇಂಥ ನಿಯಮವನ್ನು ಇಂದು ಬದಲಿಸಿದ್ದಕ್ಕೆ ನಮ್ಮ ತಂಡದ ಒಪ್ಪಿಗೆ ಇಲ್ಲ. ಈ ಆಕ್ಷೇಪಣೆಯನ್ನು ಉಳಿಸಿಕೊಂಡೇ ಆಡುತ್ತಿದ್ದೇವೆ’ ಎಂದು ಎರಡು ಸಾಲು, ದಿನಾಂಕ, ಸಮಯ, ಸಹಿ ಇದ್ದರೆ ಸಾಕು. ಸಂಘಟಕರು ಪ್ರತಿಗೆ ಸಹಿ ಹಾಕಲು ನಿರಾಕರಿಸುತ್ತಾರೆ, ಅದು ಮಾಮೂಲು. ಆಗ ಅದೇ ಚೀಟಿಯ ಫೋಟೊವನ್ನು ಪಂದ್ಯಾವಳಿಯ ವಾಟ್ಸ್‌ಆ್ಯಪ್ ಗುಂಪಿಗೂ ಸಂಘಟಕರ ನಂಬರಿಗೂ ಪಂದ್ಯಕ್ಕೆ ಮೊದಲೇ ಕಳಿಸಬೇಕು. ಗುಂಪಿನಿಂದ ತೆಗೆದುಹಾಕುವ ಸಾಧ್ಯತೆ ಇರುವುದರಿಂದ, ಹಳೆಯ ನಿಯಮದ ಸಂದೇಶವನ್ನೂ ಯುಪಿಐ ರಸೀದಿಯನ್ನೂ ಮೊದಲೇ ಉಳಿಸಿಟ್ಟುಕೊಳ್ಳಬೇಕು. ಸ್ಕ್ರೀನ್‌ಶಾಟ್ ಇದೆಯೆಂದು ಮೂಲ ಸಂದೇಶ ಅಳಿಸಬಾರದು, ಫೋನನ್ನೂ ಮಾರಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆಗೆ ಪ್ರಮಾಣಪತ್ರ ಕೇಳುತ್ತದೆ.

ಮುಂದಿನ ದಾರಿ ಪಂದ್ಯಾವಳಿ ಯಾರದ್ದು ಎಂಬುದರ ಮೇಲೆ ನಿಂತಿದೆ. ಶುಲ್ಕ ಪಡೆಯುವ ಖಾಸಗಿ ಅಕಾಡೆಮಿ ಅಥವಾ ಸಂಘಟಕರಾದರೆ, ಶುಲ್ಕ ವಾಪಸಿಗೂ ಪರಿಹಾರಕ್ಕೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, 1915 ಸಹಾಯವಾಣಿಯಲ್ಲೂ ದೂರು ದಾಖಲಿಸುವುದು ಒಳ್ಳೆಯದು. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಅವಧಿ ಮೀರಬಾರದು. ಉಚಿತ ಪಂದ್ಯಾವಳಿಗೆ ಈ ದಾರಿ ಇಲ್ಲ. ಆಯೋಗ ಟ್ರೋಫಿಯನ್ನು ಕಿತ್ತು ಇನ್ನೊಂದು ತಂಡಕ್ಕೆ ಕೊಡಿಸುತ್ತದೆಂದು ಯಾರಾದರೂ ಹೇಳಿ ಹಣ ಕೇಳಿದರೆ ನಂಬಬಾರದು.

ನೋಂದಾಯಿತ ಕ್ರೀಡಾ ಸಂಘವಾದರೆ ಸಂಘಗಳ ನೋಂದಣಾಧಿಕಾರಿಗೆ ದೂರು ಕೊಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಮಿನ ವಿಚಾರಣೆಯನ್ನು ಸ್ವಯಂಪ್ರೇರಣೆಯಿಂದ ಆರಂಭಿಸದಿದ್ದರೆ, ಆಡಳಿತ ಮಂಡಳಿಯ ಬಹುಮತ ಅಥವಾ ಮೂರನೇ ಒಂದರಷ್ಟು ಸದಸ್ಯರು ಕೋರಬೇಕು. ಸದಸ್ಯರಲ್ಲದ ಪೋಷಕರ ಅರ್ಜಿ ಅಲ್ಲೇ ಧೂಳು ತಿನ್ನಬಹುದು.

ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟದ ದಾರಿ ಬೇರೆ. ಇಲಾಖೆ ಸರ್ಕಾರದ ಅಂಗವಾದ್ದರಿಂದ ಸಂವಿಧಾನದ 14ನೇ ವಿಧಿ ಅದನ್ನು ಕಟ್ಟಿಹಾಕುತ್ತದೆ. ಆಟ ಶುರುವಾದ ಮೇಲೆ ನಿಯಮ ಬದಲಿಸುವಂತಿಲ್ಲ ಎಂಬ ಮಾತನ್ನು ಸುಪ್ರೀಂ ಕೋರ್ಟ್ ಮಂಜುಶ್ರೀ ಪ್ರಕರಣದಲ್ಲಿ (2008) ನೇಮಕಾತಿಗೆ ಅನ್ವಯಿಸಿತು. 2024ರ ನವೆಂಬರ್‌ನಲ್ಲಿ ತೇಜ್ ಪ್ರಕಾಶ್ ಪಾಠಕ್ ಪ್ರಕರಣದ ಸಂವಿಧಾನ ಪೀಠ, ನಿಯಮವೇ ಅವಕಾಶ ಕೊಟ್ಟಿದ್ದರೆ ಹೊರತು ಅರ್ಹತೆಯ ಮಾನದಂಡವನ್ನು ನಡುವೆ ಬದಲಿಸುವಂತಿಲ್ಲ ಎಂದಿತು. ಎರಡೂ ಉದ್ಯೋಗದ ತೀರ್ಪುಗಳು. ಕ್ರೀಡಾಕೂಟದ ಅರ್ಜಿಯಲ್ಲಿ ಅವನ್ನು ಹೋಲಿಕೆಯಾಗಿ ಬಳಸಬಹುದು, ನೇರ ಆಧಾರವಾಗಿ ಅಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆದ ದೂರನ್ನು ಕಚೇರಿಯ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ನಾಳೆ ಬನ್ನಿ’ ಎಂದು ಪೋಷಕರನ್ನು ಅಲೆದಾಡಿಸುವುದರಲ್ಲೇ ಜಿಲ್ಲಾ ಮಟ್ಟದ ಪಂದ್ಯ ಮುಗಿದುಹೋಗುತ್ತದೆ. ಇದು ಮಕ್ಕಳಿಗೆ ಮಾಡುವ ಅನ್ಯಾಯ, ಇದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಟಪಾಲಿನವರು ತೆಗೆದುಕೊಳ್ಳದಿದ್ದರೆ ಅಂದೇ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಕಳಿಸಬೇಕು. ನಿಯಮ ಬದಲಿಸಿದ ಸುತ್ತೋಲೆಯ ಪ್ರತಿ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಅರ್ಜಿ ಶುಲ್ಕ ಕಟ್ಟಿ ಕೇಳಬಹುದು; ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು, ಇಲ್ಲದಿದ್ದರೆ ಅದೇ ನೆಪದಲ್ಲಿ ಹಿಂದಿರುಗಿಸುತ್ತಾರೆ. ಉತ್ತರಕ್ಕೆ 30 ದಿನ ಇರುವುದರಿಂದ ಅದು ಪುರಾವೆಗೆ ಆಗುತ್ತದೆಯೇ ಹೊರತು ಪಂದ್ಯ ನಿಲ್ಲಿಸಲು ಆಗುವುದಿಲ್ಲ. ತುರ್ತಿದ್ದರೆ ಉಳಿಯುವುದು 226ನೇ ವಿಧಿಯಡಿ ಹೈಕೋರ್ಟಿನ ರಿಟ್.

ರಿಟ್ ಎಂದರೆ ದುಬಾರಿ ಎಂದು ಹಿಂಜರಿಯುವವರು ತಿಳಿಯಬೇಕಾದದ್ದು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಗುವಿಗೂ ಮಹಿಳೆಗೂ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಅರ್ಜಿಯನ್ನು ಮಗುವಿನ ಹೆಸರಿನಲ್ಲಿ, ಪೋಷಕರ ಮೂಲಕ ಕೊಡಬೇಕು. ತಂದೆ ತನ್ನ ಹೆಸರಿನಲ್ಲಿ ಕೊಟ್ಟರೆ ಆದಾಯ ಪ್ರಮಾಣಪತ್ರ ಕೇಳಬಹುದು. ಸಹಾಯವಾಣಿ 15100; ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ.